ಪಟ್ಟಿಯಲ್ಲಿಲ್ಲದ ಮಿಕ್ಸಿ

ಸಿನಿಮಾಗೆ ವಿಮರ್ಶೆ ಇದೆ, ಹೋಟೆಲಿಗೆ ಸ್ಟಾರ್ ಇದೆ, ಐನೂರು ರೂಪಾಯಿಯ ಇಯರ್‌ಫೋನಿಗೂ ನಾವು ನಾಲ್ಕು ಪ್ಯಾರಾ ರಿವ್ಯೂ ಬರೀತೀವಿ. ಆದರೆ ಸೋಲಾರ್ ಅಂಗಡಿಯವರು ಕೊಡುವ ಎರಡು ಪುಟದ ಕರಪತ್ರವನ್ನು ಒಂದು ಬರಹ ಅಂತ ಕೂತು ಓದಿದವರನ್ನು ನಾನು ಕಂಡಿಲ್ಲ. ಅರ್ಧ ಲಕ್ಷ ರೂಪಾಯಿ ಖರ್ಚು ಮಾಡಿಸುವ ತಾಕತ್ತಿರುವ ಬರಹ ಅದು. ಕನ್ನಡದಲ್ಲಿ ಅಷ್ಟು ತಾಕತ್ತಿರುವ ಬರಹ ಇನ್ನೆಷ್ಟಿವೆ ಹೇಳಿ?

ತಿಪಟೂರಿನ ನಮ್ಮ ಮನೆಗೆ ಸಣ್ಣದೊಂದು ಸೋಲಾರ್ ಹಾಕಿಸುವ ಮಾತು ಶುರುವಾದ ಮೇಲೆ ಇಂಥ ಏಳು ಕರಪತ್ರ, ಕೊಟೇಶನ್ನುಗಳು ನನ್ನ ವಾಟ್ಸಾಪಿಗೆ ಬಂದು ಬಿದ್ದವು. ಅಂಗಡಿಗಳ ಹೆಸರು ಇಲ್ಲಿ ಬೇಡ, ಯಾಕಂದ್ರೆ ಏಳನ್ನೂ ಒಬ್ಬರೇ ಬರೆದ ಹಾಗಿವೆ. ಮೇಲೊಂದು ಫೋಟೋ: ಯಾವುದೋ ದೇಶದ ಇಳಿಜಾರು ಹೆಂಚಿನ ಮನೆ, ಎದುರಿಗೆ ಹಸಿರು ಹುಲ್ಲು, ನಗುವ ಅಪ್ಪ ಅಮ್ಮ, ಎರಡು ಮಕ್ಕಳು, ಒಂದು ನಾಯಿ. ಹಿಂದಿನ ಪುಟದಲ್ಲಿ ಎಕರೆಗಟ್ಟಲೆ ಹರಡಿದ ನೀಲಿ ಪ್ಯಾನಲ್‌ಗಳು. ನಮ್ಮ ಜಿಲ್ಲೆಯದೇ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ ನಿಜ, ಆದರೆ ನಮ್ಮ ತಾರಸಿಯ ಒಂದು ಪ್ಯಾನಲ್ಲಿಗೂ ಅದಕ್ಕೂ ಇರುವ ನಂಟು ಮನೆಮುಂದಿನ ನಲ್ಲಿಗೂ ಕೆಆರ್‌ಎಸ್‌ಗೂ ಇರುವಷ್ಟೇ. ಎರಡು ಫೋಟೋಗಳ ನಡುವೆ, ದಪ್ಪ ಅಕ್ಷರದ ಒಂದು ಚೌಕ. ಅದರೊಳಗೆ ಬರೆದಿರೋದು ಇಷ್ಟು: 4 ಫ್ಯಾನ್ + 6 ಲೈಟ್ + 1 ಟೀವಿ + 1 ಫ್ರಿಜ್.

ನನ್ನ ತಕರಾರೆಲ್ಲ ಈ ಚೌಕದ ಮೇಲೆ. ಇದು ವಾಕ್ಯವೇ ಅಲ್ಲ. ಕ್ರಿಯಾಪದ ಇಲ್ಲ. ಓಡುತ್ತೆ ಅಂತ ನಾವು ಸೇರಿಸಿಕೊಂಡು ಓದ್ತೀವಿ. ಎಷ್ಟು ಹೊತ್ತು, ಯಾವ ಹೊತ್ತಲ್ಲಿ, ಜೊತೆಗೆ ಇನ್ಯಾವುದು ಓಡ್ತಿರುವಾಗ, ಯಾವ ಕಾಲದಲ್ಲಿ ಅನ್ನೋದು ಯಾವುದೂ ಇಲ್ಲ. ಹಾಸಿಗೆ ಎಷ್ಟುದ್ದ ಅಂತ ಹೇಳದೆ ಕಾಲು ಚಾಚಿ ಅನ್ನುವ ಬರಹ ಇದು.

ಟ್ಯಾಂಕರ್ ನೀರು ಬಳಸಿ ಗೊತ್ತಿರುವ ಬೆಂಗಳೂರಿನವರಿಗೆ ಇದನ್ನು ವಿವರಿಸೋದು ಸುಲಭ. ತಾರಸಿ ಮೇಲಿನ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತೆ ಅನ್ನೋದು ಒಂದು ಲೆಕ್ಕ. ಪೈಪು ಎಷ್ಟು ದಪ್ಪ, ಒಟ್ಟಿಗೆ ಎಷ್ಟು ನಲ್ಲಿ ಬಿಡಬಹುದು ಅನ್ನೋದು ಇನ್ನೊಂದು ಲೆಕ್ಕ. ಕೆಳಗಿಂದ ದಿನಕ್ಕೆ ಎಷ್ಟು ನೀರು ಬರುತ್ತೆ ಅನ್ನೋದು ಮೂರನೇದು. ಸೋಲಾರಿನಲ್ಲಿ ಬ್ಯಾಟರಿ ಅಂದ್ರೆ ಟ್ಯಾಂಕು, ಇನ್ವರ್ಟರ್ ಅಂದ್ರೆ ಪೈಪು, ಪ್ಯಾನಲ್ ಅಂದ್ರೆ ಬರುವ ನೀರು. ಕರಪತ್ರದ ಚೌಕ ಈ ಮೂರರಲ್ಲಿ ಪೈಪಿನ ಲೆಕ್ಕವನ್ನು ಮಾತ್ರ ಹೇಳುತ್ತೆ. ನಾವು ಅದನ್ನು ಟ್ಯಾಂಕಿನ ಲೆಕ್ಕ ಅಂತ ಓದಿಕೊಳ್ತೀವಿ. ಓದಿಕೊಳ್ಳಲಿ ಅಂತಲೇ ಹಾಗೆ ಬರೆದಿರೋದು.

ಸಾಮಾನ್ಯವಾಗಿ ಸಣ್ಣ ಮನೆಗೆ ಬರೆದುಕೊಡುವ ಸೆಟ್ ಇದು: 330 ವ್ಯಾಟಿನ ಒಂದು ಪ್ಯಾನಲ್, 150 ಎಎಚ್‌ನ ಒಂದು ಲೆಡ್ ಆಸಿಡ್ ಬ್ಯಾಟರಿ, 850 ವಿಎ ಇನ್ವರ್ಟರ್. ಈಗ ಚೌಕಕ್ಕೆ ಬನ್ನಿ. ಹಳೇ ಫ್ಯಾನ್ ಒಂದಕ್ಕೆ 75 ವ್ಯಾಟ್, ನಾಲ್ಕಕ್ಕೆ 300. ಒಂಬತ್ತು ವ್ಯಾಟಿನ ಎಲ್‌ಇಡಿ ಆರು, 54. ಟೀವಿಗೆ 70. ಫ್ರಿಜ್ ಓಡುವಾಗ 150 ಅಂತಿಟ್ಕೊಳ್ಳಿ. ಒಟ್ಟು 574 ವ್ಯಾಟ್. 850 ವಿಎ ಇನ್ವರ್ಟರ್ ಕೊಡಬಲ್ಲದ್ದು 680 ವ್ಯಾಟಿನ ಆಸುಪಾಸು. ಅಂದ್ರೆ ಕರಪತ್ರ ಸುಳ್ಳು ಹೇಳಿಲ್ಲ! ಎಲ್ಲವೂ ಒಟ್ಟಿಗೆ ಓಡುತ್ತೆ. ಬ್ಯಾಟರಿಯ ಲೇಬಲ್ಲಿನಲ್ಲಿರೋದು 12 ವೋಲ್ಟ್ × 150, ಅಂದ್ರೆ 1.8 ಯೂನಿಟ್. ಲೆಡ್ ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತೆ, ಹಾಗಾಗಿ ಬಳಸೋಕೆ ಸಿಗೋದು 0.9 ಯೂನಿಟ್. ಸೂರ್ಯ ಮುಳುಗಿದ ಮೇಲೆ ಈ 574 ವ್ಯಾಟಿಗೆ ಅದು ಒಂದೂವರೆ ಗಂಟೆ ಬಂದರೆ ಹೆಚ್ಚು. ಚೌಕದಲ್ಲಿರೋದು ಒಂದೂವರೆ ಗಂಟೆಯ ಸತ್ಯ.

ಅದೇ ಪಟ್ಟಿಯನ್ನು ದಿನದ ಲೆಕ್ಕದಲ್ಲಿ ಓದಿ. ನಾಲ್ಕು ಹಳೇ ಫ್ಯಾನ್ ಎಂಟು ಗಂಟೆ ತಿರುಗಿದರೆ 2.4 ಯೂನಿಟ್. ಲೈಟುಗಳು ಐದು ಗಂಟೆಗೆ ಕಾಲು ಯೂನಿಟ್ ಚಿಲ್ಲರೆ. ಟೀವಿ ನಾಲ್ಕು ಗಂಟೆಗೆ ಅಷ್ಟೇ. ಫ್ರಿಜ್ ದಿನಕ್ಕೆ 0.6 ರಿಂದ 0.7. ಒಟ್ಟು ಮೂರೂವರೆ ಯೂನಿಟ್ ದಾಟುತ್ತೆ. ಇನ್ನು ಪ್ಯಾನಲ್. ಅದರ 330 ವ್ಯಾಟ್ ಅನ್ನೋದು ಪ್ರಯೋಗಶಾಲೆಯ ಅಂಕಿ, ಪ್ಯಾನಲ್ಲಿನ ಬಿಲ್ಲೆ 25 ಡಿಗ್ರಿಯಲ್ಲಿ ತಣ್ಣಗಿದ್ದಾಗ ಅಳೆದದ್ದು. ಏಪ್ರಿಲ್ ಮಧ್ಯಾಹ್ನ ತಿಪಟೂರಿನ ತಾರಸಿಯಲ್ಲಿ ಅದು 60 ಡಿಗ್ರಿಗೆ ಕಾದಿರುತ್ತೆ. ಕಾದ ಒಂದೊಂದು ಡಿಗ್ರಿಗೂ ಶೇಕಡಾ 0.3-0.4ರಷ್ಟು ಇಳುವರಿ ಇಳಿಯುತ್ತೆ. ಬಿಸಿಲು ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ, ಸೆಖೆ ಜಾಸ್ತಿ ಇದ್ದರೆ ಕರೆಂಟ್ ಕಮ್ಮಿ. ನಮ್ಮಲ್ಲಿ ಒಂದು ಕಿಲೋವ್ಯಾಟ್ ಪ್ಯಾನಲ್ಲಿನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಬರುತ್ತೆ. ಆ ಲೆಕ್ಕದಲ್ಲಿ ನಮ್ಮ ಒಂದು ಪ್ಯಾನಲ್ಲಿಗೆ 1.3. ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವಾಗ ಸೋರೋದು, ಇನ್ವರ್ಟರ್ ತಿನ್ನೋದು ಕಳೆದರೆ ಕೈಗೆ ಸಿಗೋದು ಒಂದು ಯೂನಿಟ್. ಬೇಡಿಕೆ ಮೂರೂವರೆ, ಪೂರೈಕೆ ಒಂದು.

ಫ್ಯಾನ್ ಅನ್ನೋ ಒಂದು ಪದದೊಳಗೆ ಎಷ್ಟು ಮುಚ್ಚಿಟ್ಟಿದ್ದಾರೆ ನೋಡಿ. ಬಿಎಲ್‌ಡಿಸಿ ಫ್ಯಾನ್ ಆದರೆ 30 ವ್ಯಾಟ್, ನಾಲ್ಕು ಫ್ಯಾನ್ ಎಂಟು ಗಂಟೆಗೆ 0.96 ಯೂನಿಟ್. ಹಳೇದಾದರೆ ಅದರ ಎರಡೂವರೆ ಪಟ್ಟು. ಕರಪತ್ರಕ್ಕೆ ಎರಡೂ ಫ್ಯಾನೇ. ಸಣ್ಣ ಸೋಲಾರ್ ಹಾಕಿಸುವವರು ಪ್ಯಾನಲ್ ಕೊಳ್ಳೋಕೆ ಮುಂಚೆ ಫ್ಯಾನ್ ಬದಲಾಯಿಸಬೇಕು ಅನ್ನುವ ಒಂದು ಸಾಲು ಏಳರಲ್ಲಿ ಒಂದರಲ್ಲೂ ಇರಲಿಲ್ಲ. ಫ್ಯಾನ್ ಮಾರುವವರು ಬೇರೆ ಅಂಗಡಿಯವರು, ಇರಲಿ ಬಿಡಿ.

ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬ ಅತಿಥಿಯೂ ಇದ್ದಾನೆ. ಅವನು ಇನ್ವರ್ಟರ್. ಏನೂ ಓಡದಿದ್ದಾಗಲೂ ಅದು ತನ್ನ ಪಾಡಿಗೆ 15 ವ್ಯಾಟ್ ತಿನ್ನುತ್ತಾ ಕೂತರೆ ದಿನಕ್ಕೆ 0.36 ಯೂನಿಟ್. ದೊಡ್ಡ ಮನೆಯಲ್ಲಿ ಇದು ಲೆಕ್ಕಕ್ಕಿಲ್ಲ. ದಿನಕ್ಕೆ ಒಂದು ಯೂನಿಟ್ ದುಡಿಯುವ ಮನೆಯಲ್ಲಿ ಮೂರನೇ ಒಂದು ಪಾಲು ಸಂಬಳ ಮ್ಯಾನೇಜರ್‌ಗೇ ಹೋದ ಹಾಗೆ. ಕೊಳ್ಳುವಾಗ ಇದರ ನೋ-ಲೋಡ್ ಖರ್ಚು ಎಷ್ಟು ಅಂತ ಕೇಳಿ ನೋಡಿ. ನಾನು ಕೇಳಿದಾಗ ಒಬ್ಬರು ಮಾತ್ರ ಕೈಪಿಡಿ ತೆಗೆದು ನೋಡಿ ಹೇಳಿದರು. ಅವರ ಮೇಲೆ ಗೌರವ ಬಂತು.

ಇನ್ನೊಂದು ಸಾಲು. ಕೊಟೇಶನ್ನಿನ ಮಧ್ಯದಲ್ಲಿ ಬರುತ್ತೆ, ಯಾರೂ ಓದಲ್ಲ: ಚಾರ್ಜ್ ಕಂಟ್ರೋಲರ್, 1 ನಗ. ಇದರಲ್ಲಿ ಎರಡು ಜಾತಿ, ಪಿಡಬ್ಲ್ಯೂಎಂ ಮತ್ತು ಎಂಪಿಪಿಟಿ. ಮೊದಲನೇದು ಅಗ್ಗ. ಅದು ಪ್ಯಾನಲ್ಲನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ನಿಲ್ಲಿಸುತ್ತೆ. 330 ವ್ಯಾಟಿನ ಪ್ಯಾನಲ್ ಸುಮಾರು 37 ವೋಲ್ಟಿನಲ್ಲಿ 9 ಆಂಪ್ ಕೊಡುವಂಥದ್ದು. ಅದನ್ನು 12 ವೋಲ್ಟಿನ ಬ್ಯಾಟರಿಗೆ ಪಿಡಬ್ಲ್ಯೂಎಂ ಮೂಲಕ ಕಟ್ಟಿದರೆ ಆಂಪ್ ಅಷ್ಟೇ ಉಳಿದು, ವೋಲ್ಟ್ 13ಕ್ಕೆ ಇಳಿಯುತ್ತೆ. ಗುಣಿಸಿ ನೋಡಿ, 120 ವ್ಯಾಟ್ ಕೂಡ ಇಲ್ಲ. ಮೂರರಲ್ಲಿ ಎರಡು ಪಾಲು ತಾರಸಿಯಲ್ಲೇ ಉಳಿಯಿತು. ಎಂಪಿಪಿಟಿ ಆದರೆ ಹೆಚ್ಚಿನ ವೋಲ್ಟನ್ನು ಹೆಚ್ಚಿನ ಆಂಪಾಗಿ ಬದಲಾಯಿಸಿ ಕೊಡುತ್ತೆ. ನನಗೆ ಬಂದ ಏಳರಲ್ಲಿ ನಾಲ್ಕು ಕೊಟೇಶನ್ನಿನಲ್ಲಿ ಕಂಟ್ರೋಲರಿನ ಜಾತಿ ಬರೆದೇ ಇರಲಿಲ್ಲ. ಪ್ಯಾನಲ್ಲಿನ ಬ್ರ್ಯಾಂಡನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಇಷ್ಟು ಹೊತ್ತು ಹೇಳಿದ್ದು ಗಣಿತದ ತಕರಾರು. ಲೆಕ್ಕ ಬರುವ ಯಾರು ಬೇಕಾದರೂ ಇದನ್ನು ಹಿಡೀಬಹುದು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಪಟ್ಟಿಯಲ್ಲಿ ಏನಿಲ್ಲ ಅನ್ನೋದರ ಬಗ್ಗೆ. ಅದನ್ನು ಹಿಡಿದಿದ್ದು ನಾನಲ್ಲ, ನಮ್ಮಮ್ಮ. ಕರಪತ್ರವನ್ನು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, "ಮಿಕ್ಸಿ ಎಲ್ಲಿದ್ಯೇ ಇದ್ರಲ್ಲಿ?" ಅಂದರು.

ಇಲ್ಲ. ಏಳರಲ್ಲಿ ಒಂದರಲ್ಲೂ ಇಲ್ಲ. ಮಿಕ್ಸಿ ಇಲ್ಲ, ಗ್ರೈಂಡರ್ ಇಲ್ಲ, ವಾಷಿಂಗ್ ಮಷೀನ್ ಇಲ್ಲ. ಫ್ರಿಜ್ ಒಂದು ಬಿಟ್ಟರೆ ಅಡುಗೆಮನೆಯೇ ಇಲ್ಲ. ಫ್ಯಾನು, ಲೈಟು, ಟೀವಿ, ಜೊತೆಗೆ ಈಚೀಚೆಗೆ ವೈಫೈ, ಲ್ಯಾಪ್‌ಟಾಪ್. ಇದು ಕೂತಿರುವವರ ಪಟ್ಟಿ. ನಿಂತು ಕೆಲಸ ಮಾಡುವವರ ಪಟ್ಟಿ ಅಲ್ಲ.

ಅಂಗಡಿಯವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತೆ: "ಮಿಕ್ಸಿ ಹೆವಿ ಲೋಡ್ ಮೇಡಂ." ಹೌದು, ಲೇಬಲ್ಲಿನ ಪ್ರಕಾರ 750 ವ್ಯಾಟ್. ಆದರೆ ಎಷ್ಟು ಹೊತ್ತು? ಚಟ್ನಿಗೆ ಎರಡು ನಿಮಿಷ, ಸಾರಿನ ಮಸಾಲೆಗೆ ಮೂರು ನಿಮಿಷ. ದಿನಕ್ಕೆ ಐದು ನಿಮಿಷ ಓಡಿದರೆ 62 ವ್ಯಾಟ್-ಅವರ್, ಒಂದು ಯೂನಿಟ್ಟಿನ ಹದಿನಾರನೇ ಒಂದು ಪಾಲು. ಇಡ್ಲಿಗೆ ಅಕ್ಕಿ ಉದ್ದು ರುಬ್ಬುವ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ 150 ವ್ಯಾಟಿನದು. ಅರ್ಧ ಗಂಟೆಗೆ 75 ವ್ಯಾಟ್-ಅವರ್. ಲೈಟ್ ಲೋಡ್ ಅಂತ ಗೌರವದಿಂದ ಪಟ್ಟಿಯಲ್ಲಿ ಕೂರಿಸಿದ ಟೀವಿ ದಿನಕ್ಕೆ ನಾಲ್ಕು ಗಂಟೆಗೆ 280. ಮಿಕ್ಸಿ, ಗ್ರೈಂಡರ್ ಎರಡನ್ನೂ ಕೂಡಿಸಿದರೂ ಟೀವಿಯ ಅರ್ಧ ಆಗಲ್ಲ. ಟ್ಯಾಂಕಿನ ಲೆಕ್ಕದಲ್ಲಿ ಟೀವಿ ಹೆವಿ, ಮಿಕ್ಸಿ ಲೈಟು. ಪೈಪಿನ ಲೆಕ್ಕದಲ್ಲಿ ಮಾತ್ರ ಉಲ್ಟಾ. ಚೌಕ ಬರೆದವರು ಪೈಪಿನ ಲೆಕ್ಕವನ್ನೇ ಯಾಕೆ ಹಿಡಿದರು ಅಂತ ಈಗ ಅನುಮಾನ ಬರಲ್ವಾ?

ಪೈಪಿನ ತೊಂದರೆ ನಿಜವಾದದ್ದೇ, ಅದನ್ನು ತಳ್ಳಿಹಾಕ್ತಿಲ್ಲ. 12 ವೋಲ್ಟಿನ ಒಂದು ಬ್ಯಾಟರಿಯಿಂದ 750 ವ್ಯಾಟ್ ಎಳೆಯಬೇಕು ಅಂದ್ರೆ 60 ಆಂಪ್ ದಾಟುತ್ತೆ. ಸಣ್ಣ ಇನ್ವರ್ಟರ್ ಕಿರುಚಿ ಕೈಬಿಡುತ್ತೆ. ಮೋಟಾರ್ ಇರುವ ಯಾವುದೇ ಯಂತ್ರ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಹಳೇ ಫ್ರಿಜ್ಜು, ನೀರೆತ್ತುವ ಪಂಪು ಇದರಲ್ಲಿ ಕುಖ್ಯಾತ. (ಇನ್ವರ್ಟರ್ ಕಂಪ್ರೆಸರಿನ ಹೊಸ ಫ್ರಿಜ್ಜು ಮೆಲ್ಲಗೆ ಶುರುವಾಗುತ್ತೆ, ಅದಕ್ಕೆ ಈ ಕಾಯಿಲೆ ಕಮ್ಮಿ.) ಸ್ಕ್ವೇರ್ ವೇವ್ ಇನ್ವರ್ಟರ್ ಆದರಂತೂ ಮೋಟಾರುಗಳು ಗುಂಯ್ ಅಂತ ಬಿಸಿಯಾಗ್ತವೆ. ಆದರೆ ಇದೆಲ್ಲಕ್ಕೂ ಮದ್ದು ಇದೆ. ಎರಡು ಬ್ಯಾಟರಿ ಸರಣಿಯಲ್ಲಿ ಹಾಕಿ 24 ವೋಲ್ಟಿಗೆ ಹೋಗೋದು, 2 ಕೆವಿಎ ಆಸುಪಾಸಿನ ಪ್ಯೂರ್ ಸೈನ್ ವೇವ್ ಇನ್ವರ್ಟರ್ ತಗೊಳ್ಳೋದು. ಎಳೆಯುವ ಆಂಪ್ ಅರ್ಧ ಆಗುತ್ತೆ, ಮಿಕ್ಸಿ ಆರಾಮಾಗಿ ತಿರುಗುತ್ತೆ. ಖರ್ಚು ಹೆಚ್ಚು, ಹೌದು. ಎಷ್ಟು ಹೆಚ್ಚು ಅಂತ ಹೇಳಿ ನಮ್ಮನ್ನು ಕೇಳಬಹುದಿತ್ತಲ್ಲ? ಕೇಳೋದೇ ಇಲ್ಲ. ಮಿಕ್ಸಿ ಬೇಕಾ ಅನ್ನೋದು ಪ್ರಶ್ನೆಯಾಗಿ ಬರೋದೇ ಇಲ್ಲ.

ಈ ಪಟ್ಟಿ ಕಾಗದದಿಂದ ಇಳಿದು ಗೋಡೆಯೊಳಗೆ ಸೇರುವ ರೀತಿಯೂ ಸ್ವಾರಸ್ಯಕರ. ಇನ್ವರ್ಟರ್ ಹಾಕುವ ಎಲೆಕ್ಟ್ರಿಷಿಯನ್ ಹಾಲಿನ ಫ್ಯಾನಿಗೆ, ರೂಮಿನ ಲೈಟಿಗೆ, ಟೀವಿ ಪಾಯಿಂಟಿಗೆ ಲೈನ್ ಎಳೀತಾರೆ. ಅಡುಗೆಮನೆಗೆ ಒಂದು ಲೈಟು, ಹೆಚ್ಚಂದ್ರೆ. ಕಟ್ಟೆ ಮೇಲಿನ ಪ್ಲಗ್ ಪಾಯಿಂಟು ಮೇನ್ಸ್‌ನಲ್ಲೇ ಉಳಿಯುತ್ತೆ. ನಮ್ಮ ಕಡೆಯ ಮನೆಗಳಲ್ಲಿ ಕರೆಂಟ್ ಹೋದಾಗ ಹಾಲಿನಲ್ಲಿ ಧಾರಾವಾಹಿ ನಡೀತಿರುತ್ತೆ, ಅಡುಗೆಮನೆಯಲ್ಲಿ ಅರ್ಧ ರುಬ್ಬಿದ ಉದ್ದು ಗ್ರೈಂಡರಿನಲ್ಲಿ ಕೂತಿರುತ್ತೆ. ಅಮ್ಮನ ಮಾತು ಇದು: "ಟೀವಿ ಇಲ್ದಿದ್ರೆ ಒಂದಿನ ನಡ್ಯುತ್ತೆ ಕಣೇ. ನೆನೆಹಾಕಿದ ಅಕ್ಕಿಗೆ ಏನಂತ ಹೇಳ್ಲಿ?"

ನಮ್ಮ ಎಲೆಕ್ಟ್ರಿಷಿಯನ್ ಒಳ್ಳೆಯವರು, ಅವರದೂ ಒಂದು ನ್ಯಾಯ ಇದೆ. "ಕಿಚನ್‌ಗೆ ಲೈನ್ ಕೊಟ್ರೆ ಯಾರಾದ್ರೂ ಇಂಡಕ್ಷನ್ ಹಾಕ್ತಾರೆ ಮೇಡಂ, ಆಮೇಲೆ ನನ್ನನ್ನೇ ಬೈತಾರೆ." ಒಪ್ಪುವ ಮಾತು. ಆದರೆ ಮಿಕ್ಸಿ, ಗ್ರೈಂಡರುಗಳ ಪ್ಲಗ್ಗು ಸಣ್ಣದು. ಗೀಸರ್, ದೊಡ್ಡ ಇಂಡಕ್ಷನ್ ಒಲೆಗಳದು ದಪ್ಪ ಪಿನ್ನಿನದು. ಸಣ್ಣ ಸಾಕೆಟ್ ಒಂದಕ್ಕೆ ಮಾತ್ರ ಸೋಲಾರ್ ಲೈನ್ ಕೊಟ್ಟು, ಅದಕ್ಕೊಂದು ಬೇರೆ ಎಂಸಿಬಿ ಹಾಕಿದರೆ ಮುಗೀತು. ಎಲೆಕ್ಟ್ರಿಕ್ ಕೆಟಲ್ ಒಂದು ತಂಟೆ, ಕೆಲವು ಸಣ್ಣ ಪಿನ್ನಿನಲ್ಲೇ ಬರ್ತವೆ. ಅದನ್ನು ಅಟ್ಟದ ಮೇಲಿಡಿ.

ಬಿಸಿ ಮಾಡುವ ಯಂತ್ರಗಳ ವಿಷಯದಲ್ಲಿ ಮಾತ್ರ ನಾನು ಅಂಗಡಿಯವರ ಪಕ್ಷ. ಗೀಸರ್, ಇಂಡಕ್ಷನ್, ಇಸ್ತ್ರಿಪೆಟ್ಟಿಗೆ, ಬಿಸಿನೀರು ಕಾಯಿಸಿ ಒಗೆಯುವ ವಾಷಿಂಗ್ ಮಷೀನು, ಇವು ಪೈಪಿಗೂ ಶತ್ರು ಟ್ಯಾಂಕಿಗೂ ಶತ್ರು. ಹದಿನೈದು ಲೀಟರ್ ನೀರನ್ನು, ಒಂದು ಬಕೆಟ್ ಅನ್ನಿ, 25 ಡಿಗ್ರಿಯಿಂದ 50ಕ್ಕೆ ಏರಿಸೋಕೆ 0.44 ಯೂನಿಟ್ ಬೇಕು. ಇದು ಭೌತಶಾಸ್ತ್ರ, ಯಾವ ಸ್ಟಾರ್ ರೇಟಿಂಗಿನಿಂದಲೂ ಕಮ್ಮಿ ಆಗಲ್ಲ. ನಮ್ಮ ಬ್ಯಾಟರಿಯ ಬಳಸಬಹುದಾದ ಶಕ್ತಿಯಲ್ಲಿ ಅರ್ಧ ಒಂದು ಸ್ನಾನಕ್ಕೆ ಹೋಯಿತು. ಅದೇ ಶಕ್ತಿಯಲ್ಲಿ ಬಿಎಲ್‌ಡಿಸಿ ಫ್ಯಾನ್ ಹದಿನಾಲ್ಕು ಗಂಟೆ ತಿರುಗುತ್ತೆ, ಮಿಕ್ಸಿಯಲ್ಲಿ ಒಂದು ವಾರದ ಚಟ್ನಿ ಆಗುತ್ತೆ. ನೀರು ಕಾಯಿಸೋಕೆ ಬಿಸಿಲನ್ನು ಮೊದಲು ಕರೆಂಟ್ ಮಾಡಿ, ಬ್ಯಾಟರಿಯಲ್ಲಿ ತುಂಬಿ, ಮತ್ತೆ ಬಿಸಿ ಮಾಡೋದು ಕೈಯನ್ನು ತಲೆ ಸುತ್ತಿಸಿ ಮೂಗು ಮುಟ್ಟಿದ ಹಾಗೆ. ಬೆಂಗಳೂರಿನ ಯಾವ ಫ್ಲೈಓವರ್ ಮೇಲಿಂದ ನೋಡಿದರೂ ಕಾಣುವ ಸೋಲಾರ್ ವಾಟರ್ ಹೀಟರುಗಳು ಅದೇ ಕೆಲಸವನ್ನು ತಂತಿಯೂ ಇಲ್ಲದೆ ವರ್ಷಗಟ್ಟಲೆಯಿಂದ ಮಾಡ್ತಿವೆ. ಅವುಗಳ ಬಗ್ಗೆ ಯಾರೂ ಸ್ಟೇಟಸ್ ಹಾಕಲ್ಲ.

ಈಗ ದೊಡ್ಡ ಕರಪತ್ರಕ್ಕೆ ಬರ್ತೀನಿ, ಸರ್ಕಾರದ್ದು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೇದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಬ್ಸಿಡಿ. ಒಳ್ಳೆಯ ಯೋಜನೆ, ಬಿಲ್ಲು ದೊಡ್ಡದಿರುವವರು ಹಾಕಿಸಬೇಕು. ಆದರೆ ಇದು ಗ್ರಿಡ್‌ಗೆ ಜೋಡಿಸುವ ಸೋಲಾರ್. ಬ್ಯಾಟರಿ ಇಲ್ಲದ ಮಾಮೂಲಿ ಜೋಡಣೆಯಲ್ಲಿ ಬೀದಿಯ ಕರೆಂಟ್ ಹೋದರೆ ತಾರಸಿಯ ಕರೆಂಟೂ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತೆ. ಮಟಮಟ ಮಧ್ಯಾಹ್ನ, ಮೂರು ಕಿಲೋವ್ಯಾಟ್ ಪ್ಯಾನಲ್ ಬಿಸಿಲು ಕಾಯಿಸ್ತಾ ಇರುತ್ತೆ, ಕೆಳಗೆ ಫ್ಯಾನ್ ನಿಂತಿರುತ್ತೆ. ಇದು ದೋಷ ಅಲ್ಲ, ಬೇಕಂತಲೇ ಮಾಡಿದ ವ್ಯವಸ್ಥೆ. ಕರೆಂಟ್ ಇಲ್ಲ ಅಂದುಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ನಮ್ಮ ಮನೆಯ ಸೋಲಾರಿನಿಂದ ಸಾಯಬಾರದು. ಕಾರಣ ಅಷ್ಟು ದೊಡ್ಡದಿರುವಾಗ ಅದನ್ನು ಗ್ರಾಹಕನಿಗೆ ಹೇಳೋಕೆ ಏನು ಕಷ್ಟ? ನನಗೆ ಬಂದ ಏಳರಲ್ಲಿ ಗ್ರಿಡ್ ಜೋಡಣೆಯವು ಎರಡು. ಎರಡರಲ್ಲೂ ಕತ್ತಲೆಯ ಬೀದಿಯ ನಡುವೆ ಒಂದೇ ಮನೆ ಝಗಮಗ ಹೊಳೀತಿರುವ ಚಿತ್ರ. ಆ ಚಿತ್ರ ನಿಜವಾಗಬೇಕಾದರೆ ಹೈಬ್ರಿಡ್ ಇನ್ವರ್ಟರು, ಬ್ಯಾಟರಿ ಬೇಕು. ಅದು ಕೊಟೇಶನ್ನಿನಲ್ಲಿರಲಿಲ್ಲ.

ಕರ್ನಾಟಕದಲ್ಲಿ ಇನ್ನೊಂದು ತಿರುವು ಇದೆ. 2023ರಿಂದ ಗೃಹಜ್ಯೋತಿ ಬಂದಮೇಲೆ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ, ಮನೆಯ ಬಿಲ್ಲು ಸೊನ್ನೆ. ನಮ್ಮ ತಿಪಟೂರಿನ ಮನೆ ತಿಂಗಳಿಗೆ 80 ಯೂನಿಟ್ ದಾಟಲ್ಲ. ಹಾಗಿರುವಾಗ "ವರ್ಷಕ್ಕೆ ಇಷ್ಟು ಸಾವಿರ ಉಳಿತಾಯ" ಅನ್ನುವ ಕೋಷ್ಟಕವನ್ನು ಅಪ್ಪನ ಮುಂದೆ ಹಿಡಿದರೆ ಏನರ್ಥ? ಸೊನ್ನೆಯಿಂದ ಏನು ಉಳಿಸೋದು? ಇಂಥ ಮನೆಗೆ ಸೋಲಾರ್ ಬೇಕಿರೋದು ದುಡ್ಡಿಗಲ್ಲ, ಕರೆಂಟ್ ಇಲ್ಲದ ಹೊತ್ತಿಗೆ. ಸಂಜೆ ಆರೂವರೆಗೆ ಮಳೆ ಗಾಳಿಗೆ ಲೈನ್ ಬಿದ್ದು ಒಂಬತ್ತಕ್ಕೆ ಬರುವ ಆ ಎರಡೂವರೆ ಗಂಟೆಗೆ. ಅದಕ್ಕೆ ಬೆಲೆ ಕಟ್ಟುವ ಕೋಷ್ಟಕ ಯಾರ ಬಳಿಯೂ ಇಲ್ಲ.

ಬೇರೆ ಥರ ಕೇಳಿದವರೇ ಇಲ್ಲ ಅಂತಲ್ಲ, ಅದೂ ನಮ್ಮಲ್ಲೇ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಹಳ್ಳಿಮನೆಗಳಿಗೆ ಎರಡು ಲೈಟು, ನಾಲ್ಕು ಲೈಟಿನ ಸಣ್ಣ ಸೋಲಾರ್ ಕೊಡ್ತಾ, ಅದಕ್ಕೆ ಬ್ಯಾಂಕ್ ಸಾಲ ಹೊಂದಿಸ್ತಾ ಬೆಳೆದ ಸಂಸ್ಥೆ. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕ್ರಮದಲ್ಲಿ ನನಗೆ ಮುಖ್ಯ ಅನ್ನಿಸೋದು ಪ್ರಶ್ನೆಗಳ ಸರದಿ. ಎಷ್ಟು ವ್ಯಾಟ್ ಬೇಕು ಅಂತ ಶುರು ಮಾಡದೆ, ಮನೆಯಲ್ಲಿ ಯಾರು, ಎಲ್ಲಿ, ಯಾವ ಹೊತ್ತಲ್ಲಿ, ಏನು ಕೆಲಸ ಮಾಡ್ತಾರೆ ಅಂತ ಶುರು ಮಾಡೋದು. ಹೊಲಿಗೆ ಮಷೀನು, ರೊಟ್ಟಿ ಮಾಡುವ ಯಂತ್ರ ಇವೆಲ್ಲ ಸೋಲಾರ್ ಪಟ್ಟಿಗೆ ಬಂದಿದ್ದು ಹಾಗೆ ಕೇಳಿದ್ದರಿಂದ. ನಗರದ ಕರಪತ್ರಗಳು ಅಲ್ಲಿಂದ ಕಲಿತದ್ದು ಹಸಿರು ಬಣ್ಣ ಒಂದನ್ನೇ.

ಯೂಟ್ಯೂಬಿನ ಸೋಲಾರ್ ಪಂಡಿತರನ್ನೂ ಬಿಡಬಾರದು. ಅವರ ಲೆಕ್ಕ ಕರಪತ್ರಕ್ಕಿಂತ ಎಷ್ಟೋ ಚೆನ್ನಾಗಿದೆ, ಪಿಡಬ್ಲ್ಯೂಎಂ ಕತೆಯನ್ನು ನಾನು ಕಲಿತಿದ್ದೂ ಅವರಿಂದಲೇ. ಆದರೆ ಕೊನೆಗೆ ಎಲ್ಲರೂ ಒಂದು ಸಲಹೆ ಕೊಡ್ತಾರೆ: ಲೋಡನ್ನು ಹಗಲಿಗೆ ಶಿಫ್ಟ್ ಮಾಡಿ. ಬ್ಯಾಟರಿ ಮುಟ್ಟದೆ ಬಿಸಿಲಿನಿಂದ ನೇರವಾಗಿ ಓಡಿಸಿದರೆ ಸೋರಿಕೆ ಕಮ್ಮಿ, ಬ್ಯಾಟರಿಯ ಆಯಸ್ಸೂ ಹೆಚ್ಚು. ತಾಂತ್ರಿಕವಾಗಿ ನೂರಕ್ಕೆ ನೂರು ಸರಿ. ಆದರೆ ಶಿಫ್ಟ್ ಮಾಡಿ ಅನ್ನುವ ಈ ವಾಕ್ಯಕ್ಕೆ ಕ್ರಿಯಾಪದ ಇದೆ, ಕರ್ತೃ ಇಲ್ಲ. ಹನ್ನೊಂದು ಗಂಟೆಗೆ ಗ್ರೈಂಡರ್ ಹಾಕೋದು, ಹನ್ನೆರಡಕ್ಕೆ ತಣ್ಣೀರಲ್ಲಿ ಬಟ್ಟೆ ಒಗೆಯೋದು, ಎರಡು ಗಂಟೆಯೊಳಗೆ ನೀರಿನ ಪಂಪ್ ಬಿಡೋದು ಯಾರು? ನಮ್ಮ ಅಮ್ಮ ಮನೇಲಿರ್ತಾರೆ, ಅವರ ದಿನದ ಲಯ ಹೇಗೂ ಹಾಗೇ ಇದೆ, ಬೆಳಗಿನ ತಿಂಡಿ ಮುಗಿಸಿ ಹನ್ನೊಂದಕ್ಕೇ ಅವರು ರುಬ್ಬೋದು. ಸೂರ್ಯನಿಗೂ ಅವರಿಗೂ ಮೊದಲಿಂದಲೂ ಹೊಂದಾಣಿಕೆ. ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಹನ್ನೊಂದಕ್ಕೆ ಸ್ಟ್ಯಾಂಡಪ್ ಕಾಲ್ ಇರುತ್ತೆ, ಅಡುಗೆಗೆ ಬರುವ ಅಕ್ಕ ಏಳಕ್ಕೆ ಬಂದು ಎಂಟಕ್ಕೆ ಹೋಗ್ತಾರೆ. ಇಲ್ಲಿ ಲೋಡ್ ಶಿಫ್ಟ್ ಅಂದ್ರೆ ಯಾರೋ ಒಬ್ಬರ ದಿನವನ್ನೇ ಶಿಫ್ಟ್ ಮಾಡೋದು. ಮನೆಯಿಂದ ಕೆಲಸ ಮಾಡುವ ಜೋಡಿಗಳಲ್ಲಿ ಆ ಒಬ್ಬರು ಯಾರಾಗ್ತಾರೆ ಅಂತ ನಾನು ಹೇಳಬೇಕಿಲ್ಲ. ತಡವಾಗಿ ಶುರುವಾಗುವ ಟೈಮರ್ ಇರುವ ವಾಷಿಂಗ್ ಮಷೀನು ಒಂದಿಷ್ಟು ಕೈ ಹಿಡಿಯುತ್ತೆ. ಗ್ರೈಂಡರಿಗೆ ಟೈಮರ್ ಇಟ್ಟು ಏನು ಪ್ರಯೋಜನ, ಪಕ್ಕದಲ್ಲಿ ನಿಂತು ಹಿಟ್ಟು ತಳ್ಳಬೇಕಲ್ಲ.

ಬಾಡಿಗೆ ಮನೆಯವರ ಪಾಡು ಕರಪತ್ರಗಳಿಗೆ ಗೊತ್ತೇ ಇಲ್ಲ. ಅಪಾರ್ಟ್‌ಮೆಂಟಿನ ತಾರಸಿ ಅಸೋಸಿಯೇಷನ್ನಿನದು. ಬಾಲ್ಕನಿಗೆ ಪ್ಯಾನಲ್ ಕಟ್ಟಿದ ಒಬ್ಬ ಗೆಳೆಯನಿದ್ದಾನೆ. ಎದುರಿನ ಕಟ್ಟಡದ ನೆರಳು ಮೂರು ಗಂಟೆಗೇ ಬರುತ್ತೆ. ನೆರಳಿನ ಲೆಕ್ಕವೂ ನಾವಂದುಕೊಂಡ ಹಾಗಿಲ್ಲ. ಪ್ಯಾನಲ್ಲಿನೊಳಗೆ ಬಿಲ್ಲೆಗಳು ಸರಪಳಿಯ ಹಾಗೆ ಜೋಡಿಸಿರ್ತವೆ, ಸಾಮಾನ್ಯವಾಗಿ ಮೂರು ಗುಂಪಾಗಿ. ಒಂದು ಮೂಲೆಗೆ ಸಣ್ಣ ನೆರಳು ಬಿದ್ದರೂ ಆ ಗುಂಪು ಪೂರ್ತಿ ಕೆಲಸ ಬಿಡಬಹುದು, ಮೂರನೇ ಒಂದು ಪಾಲು ಹೋಯಿತು. ತಿಪಟೂರಿನಲ್ಲಿ ನಮಗೆ ಎದುರು ಕಟ್ಟಡ ಇಲ್ಲ, ತೆಂಗಿನ ಮರ ಇದೆ. ಸರ್ವೆಗೆ ಬಂದ ಹುಡುಗ ಬೆಳಿಗ್ಗೆ ಹತ್ತಕ್ಕೆ ಬಂದು ಫೋಟೋ ತೆಗೆದು "ಸೂಪರ್ ಬಿಸಿಲು ಮೇಡಂ" ಅಂತ ಹೋದ. ಎರಡೂವರೆಯ ಮೇಲೆ ಒಂದು ಗರಿಯ ನೆರಳು ಪ್ಯಾನಲ್ ಕೂರಬೇಕಾದ ಜಾಗದ ಮೇಲೆ ಗಡಿಯಾರದ ಮುಳ್ಳಿನ ಹಾಗೆ ಹಾದುಹೋಗುತ್ತೆ. ಅದನ್ನು ನೋಡಿ ಹೇಳಿದ್ದು ಅಪ್ಪ. ಪ್ಯಾನಲ್ ಆರಡಿ ಆಚೆಗೆ ಹೋಯಿತು.

ಇನ್ನು ಕೊಟೇಶನ್ನಿನ ಕಟ್ಟಕಡೆಯ ಸಾಲು. ಏಳರಲ್ಲೂ ಇದೆ, ಏಳರಲ್ಲೂ ದಪ್ಪಕ್ಷರ: 25 ವರ್ಷ ವಾರಂಟಿ. ಪ್ಯಾನಲ್ಲಿಗೆ ಮಾತ್ರ. ಪಕ್ಕದ ಲೆಡ್ ಆಸಿಡ್ ಬ್ಯಾಟರಿ ದಿನಾ ದುಡಿದರೆ ನಾಲ್ಕೈದು ವರ್ಷ, ಅಂದ್ರೆ ಆ ಪ್ಯಾನಲ್ಲಿನ ಜೀವಿತದಲ್ಲಿ ನಾಲ್ಕೈದು ಸಲ ಹೊಸದು. ಕೊಟೇಶನ್ನಿನಲ್ಲಿ ಬೆಲೆ ಇರೋದು ಮೊದಲನೇದಕ್ಕೆ. ಲಿಥಿಯಂ ಫಾಸ್ಫೇಟ್ ಬ್ಯಾಟರಿಯಾದರೆ ಹೆಚ್ಚು ವರ್ಷ ಬರುತ್ತೆ, ಶೇಕಡಾ 80ರವರೆಗೆ ಧೈರ್ಯವಾಗಿ ಬಳಸಬಹುದು, ನೀರು ಹಾಕುವ ಗೋಜಿಲ್ಲ. ಲೆಡ್ ಆಸಿಡ್‌ಗೆ ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ತುಂಬಬೇಕು. ನಾವು ಕೊನೆಗೆ ಆರಿಸಿದ ಅಂಗಡಿಯವರ ಕೈಯಲ್ಲಿ ಕೊಟೇಶನ್ನಿನ ಹಿಂಬದಿಗೆ ಪೆನ್ನಿನಲ್ಲಿ ಬರೆಸಿಕೊಂಡಿದ್ದು ನಾಲ್ಕು ಸಾಲು: ಬೆಳಿಗ್ಗೆ ಮಿಕ್ಸಿ ಐದು ನಿಮಿಷ, ಹನ್ನೊಂದಕ್ಕೆ ಗ್ರೈಂಡರ್ ಅರ್ಧ ಗಂಟೆ, ಸಂಜೆ ಎರಡು ಬಿಎಲ್‌ಡಿಸಿ ಫ್ಯಾನು ನಾಲ್ಕು ಲೈಟು ನಾಲ್ಕು ಗಂಟೆ, ಮೋಡದ ಒಂದು ದಿನ ದಾಟಬೇಕು. ಟೀವಿಯನ್ನು ಅಪ್ಪ ಆಮೇಲೆ ಐದನೇ ಸಾಲಾಗಿ ತಮ್ಮ ಕೈಬರಹದಲ್ಲಿ ಸೇರಿಸಿದರು, ಪಕ್ಕದಲ್ಲಿ ಕಂಸದೊಳಗೆ: ಕರೆಂಟ್ ಉಳಿದರೆ.